ಧ್ಯಾನಕಾಲದಲ್ಲಿ ಅಲೆದಾಡುವ ಮನಸ್ಸಿನ ವಿಷಯ



ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆ ಈ ಸೀಮೆಗಳ ಹಳ್ಳಿಸಭೆಗಳಲ್ಲಿ ಅನೇಕ ವಿಶ್ವಾಸಿಗಳ ಮನಸ್ಸಿನೊಳಗೆ ಇರುವ, ಆದರೆ ಬಾಯಿಬಿಟ್ಟು ಹೇಳುವದಕ್ಕೆ ನಾಚಿಕೆಪಡುವ ಒಂದು ದುಃಖವುಂಟು. ಅದೇನಂದರೆ: ಸಂಜೆ ದೀಪ ಹಚ್ಚಿ, ಸತ್ಯವೇದದ ಒಂದು ಭಾಗವನ್ನು ಓದಿ, ದೇವರ ಸನ್ನಿಧಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಬೇಕೆಂದು ಕಣ್ಣು ಮುಚ್ಚಿದ ಕೂಡಲೆ, ಹಗಲೆಲ್ಲಾ ಎಲ್ಲಿಯೋ ಮಲಗಿದ್ದ ಯೋಚನೆಗಳು ಬೇಲಿ ಮುರಿದ ದನಗಳಂತೆ ಒಳಗೆ ನುಗ್ಗುತ್ತವೆ. ಅಂಗಳದಲ್ಲಿ ಹರಡಿದ ಅಡಕೆಯನ್ನು ರಾಶಿಮಾಡಿ ಮುಚ್ಚಿದೆವೋ ಇಲ್ಲವೋ, ಮಳೆಗೆ ಮುಂಚೆ ತೋಟಕ್ಕೆ ಮದ್ದು ಬಿಡುವವರು ಸಿಕ್ಕುವರೋ ಇಲ್ಲವೋ, ಸೊಸೈಟಿಯ ಸಾಲದ ಕಂತಿಗೆ ಎಷ್ಟು ದಿವಸ ಉಳಿಯಿತು, ಈ ವಾರ ಬೀಡಿಯ ಎಲೆ ಯಾಕೆ ಕಡಿಮೆ ಬಂತು, ಮುಂಬಯಿಯಲ್ಲಿರುವ ಮಗನು ಯಾಕೆ ಫೋನು ಮಾಡಲಿಲ್ಲ ಎಂದು ಒಂದರ ಹಿಂದೆ ಒಂದು ಬಂದು, ಆಮೆನ್ ಎಂದು ಏಳುವ ಹೊತ್ತಿಗೆ ದೇವರ ಸಂಗಡ ಒಂದು ಮಾತನ್ನಾದರೂ ಆಡಿದ ನೆನಪಿರುವದಿಲ್ಲ. ಹೀಗಿರಲಾಗಿ ಕೆಲವರು, ತಮ್ಮ ವಿಶ್ವಾಸವೇ ಸುಳ್ಳಾದದ್ದು ಎಂದು ತಮ್ಮನ್ನು ತಾವೇ ತೀರ್ಪುಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಏಕಾಂತಪ್ರಾರ್ಥನೆಯನ್ನೇ ಬಿಟ್ಟು, ಆದಿತ್ಯವಾರದ ಆರಾಧನೆಯೇ ಸಾಕೆಂದು ಇದ್ದುಬಿಡುತ್ತಾರೆ.

ಇದು ಪಾಪವೋ, ಬಲಹೀನತೆಯೋ ಎಂಬುದೇ ಪ್ರಶ್ನೆ. ಇದರಲ್ಲಿ ಹೆಚ್ಚಿನ ಪಾಲು ಬಲಹೀನತೆಯೇ ಎಂದೂ, ಆದರೆ ಒಂದು ಚಿಕ್ಕ ಪಾಲು ಪಾಪವೂ ಅಲ್ಲದೆ ಬಲಹೀನತೆಯೂ ಅಲ್ಲದೆ ಬೇರೊಂದು ಸಂಗತಿಯಾಗಿದೆ ಎಂದೂ ನಮಗೆ ತೋರುತ್ತದೆ. ಆ ಚಿಕ್ಕ ಪಾಲಿಗೋಸ್ಕರವೇ ನಾವು ಇದನ್ನು ಬರೆಯುತ್ತೇವೆ.

ಮೊದಲು ಬಲಹೀನತೆಯ ಮಾತು. ಸತ್ಯವೇದದಲ್ಲಿ ಧ್ಯಾನವೆಂಬುದು ಮೊದಲು ಕಾಣುವದು ಆದಿಕಾಂಡದ 24ನೇ ಅಧ್ಯಾಯದಲ್ಲಿ. ಇಸಾಕನು ಸಂಜೆಯ ವೇಳೆಯಲ್ಲಿ ಧ್ಯಾನಕ್ಕಾಗಿ ಹೊಲಕ್ಕೆ ಹೋದನು; ಹೋದವನು ಕಣ್ಣೆತ್ತಿ ನೋಡಿದಾಗ ಒಂಟೆಗಳು ಬರುತ್ತಿದ್ದವು. ಧ್ಯಾನವು ಅಲ್ಲಿಗೇ ಮುಗಿಯಿತು, ಯಾಕಂದರೆ ಆ ಒಂಟೆಗಳಲ್ಲಿ ಒಂದರ ಮೇಲೆ ಅವನಿಗೆ ಹೆಂಡತಿಯಾಗತಕ್ಕ ರೆಬೆಕ್ಕಳು ಇದ್ದಳು. ಇದಕ್ಕಾಗಿ ದೇವರು ಅವನನ್ನು ಗದರಿಸಿದನೆಂದು ಎಲ್ಲಿಯೂ ಬರೆದಿರುವದಿಲ್ಲ. ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಔಗುಸ್ತೀನನು ಸುಮಾರು 400ನೇ ಇಸವಿಯಲ್ಲಿ ತನ್ನ ಜೀವನದ ವಿಷಯವಾಗಿ ಬರೆದ ಗ್ರಂಥದ ಹತ್ತನೆಯ ಭಾಗದಲ್ಲಿ ಇನ್ನೂ ಸ್ಪಷ್ಟವಾಗಿ ಅರಿಕೆಮಾಡಿದ್ದಾನೆ: ಮನೆಯಲ್ಲಿ ಕೂತಿರುವಾಗ ಹಲ್ಲಿಯು ನೊಣ ಹಿಡಿಯುವದನ್ನೋ, ಜೇಡವು ಬಲೆಗೆ ಬಿದ್ದದ್ದನ್ನು ಸುತ್ತುವದನ್ನೋ ಕಂಡರೆ ತನ್ನ ಮನಸ್ಸು ಅದಕ್ಕೆ ಅಂಟಿಕೊಳ್ಳುವದಂತೆ, ಇಂಥ ಅಲ್ಪ ಸಂಗತಿಗಳಿಂದ ಪ್ರಾರ್ಥನೆಯೂ ಆಗಾಗ್ಗೆ ಕಡಿದುಹೋಗುವದಂತೆ. ಅಂಥ ಮಹಾಪಂಡಿತನ ಮನಸ್ಸು ಹಲ್ಲಿಯ ಹಿಂದೆ ಓಡಿರುವಲ್ಲಿ, ಹಂಚಿನ ಮಾಡಿನ ಕೆಳಗೆ ಹಲ್ಲಿಗಳ ಸಂಗಡವೇ ವಾಸಿಸುವ ನಮ್ಮ ಮನಸ್ಸು ಓಡಿದರೆ ಏನಾಶ್ಚರ್ಯ?

ಇಂಥ ಯೋಚನೆಗಳ ಸಂಗಡ ಜಗಳಾಡುವದರಿಂದ ಲಾಭವಿಲ್ಲ. 1923ರಲ್ಲಿಯೂ 1974ರಲ್ಲಿಯೂ ಬಂಟವಾಳದ ಪೇಟೆಯನ್ನು ಮುಳುಗಿಸಿದ ನೇತ್ರಾವತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಮಳೆಗಾಲದ ಕೆಂಪು ನೀರನ್ನು ಕೊಡದಲ್ಲಿ ತುಂಬಿಸಿ, ಮಣ್ಣನ್ನು ಕೈಯಿಂದ ಒತ್ತಿ ಕೆಳಗೆ ಇಳಿಸುವೆನೆಂದು ಹೊರಟವನು ಅದನ್ನು ಇನ್ನಷ್ಟು ಕಲಕುವನಷ್ಟೆ.

ಹಾಗಾದರೆ ಮನಸ್ಸನ್ನು ಬರಿದುಮಾಡಿ ಏನೂ ಯೋಚಿಸದೆ ಕೂತುಕೊಳ್ಳುವದೇ ಧ್ಯಾನವೋ? ಹೀಗೆ ಕಲಿಸುವವರು ಈಗಿನ ಕಾಲದಲ್ಲಿ ಬಹಳ ಮಂದಿ ಇದ್ದಾರೆ. ನಾವು ಅವರನ್ನು ಹಳಿಯುವದಿಲ್ಲ. ಆದರೆ ಸತ್ಯವೇದದ ಧ್ಯಾನವು ಅಂಥದಲ್ಲ. ಮೊದಲನೆಯ ಕೀರ್ತನೆಯಲ್ಲಿ ನೀತಿವಂತನು ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸುವನೆಂದು ಹೇಳುವಲ್ಲಿ ಇರುವ ಇಬ್ರಿಯ ಮಾತಿಗೆ ಮೂಲದಲ್ಲಿ ಕೆಳದನಿಯಲ್ಲಿ ಗುಣುಗುಟ್ಟುವದೆಂದು ಅರ್ಥ. ಯೆಶಾಯನ 31ನೇ ಅಧ್ಯಾಯದಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ, 38ನೇ ಅಧ್ಯಾಯದಲ್ಲಿ ಮೂಲುಗುವ ಪಾರಿವಾಳಕ್ಕೂ ಅದೇ ಮಾತು ಬಂದದೆ. ಯೆಹೋಶುವನಿಗೆ ಕೊಟ್ಟ ಅಪ್ಪಣೆಯಲ್ಲಿಯೂ ಧರ್ಮಶಾಸ್ತ್ರವು ಬಾಯಿಂದ ತೊಲಗಬಾರದೆಂದೇ ಇದೆ. ಹನ್ನಳು ತುಟಿ ಅಲ್ಲಾಡಿಸುತ್ತಾ ಪ್ರಾರ್ಥಿಸಿದಳು. ಯಾಜಕನಾದ ಏಲಿಯು ಅವಳನ್ನು ಕುಡಿದವಳೆಂದು ತಿಳಿದನು, ದೇವರು ಹಾಗೆ ತಿಳಿಯಲಿಲ್ಲ. ಆದಕಾರಣ ಮನಸ್ಸು ನಿಲ್ಲದವರು ಒಂದು ಚಿಕ್ಕ ವಚನವನ್ನು ತೆಗೆದುಕೊಂಡು, ದನವು ಮೆಲುಕುಹಾಕುವಂತೆ ಅದನ್ನು ತುಟಿಯಲ್ಲಿ ಮೆಲ್ಲಗೆ ಹೇಳುತ್ತಾ ಇರಲಿ. ಮನಸ್ಸು ಓಡಿಹೋದದ್ದು ತಿಳಿದಾಗ ಬೇಸರಪಡದೆ ಆ ವಚನಕ್ಕೆ ತಿರಿಗಿ ಬರಲಿ. ಕಾಲು ಗಂಟೆಯಲ್ಲಿ ಇಪ್ಪತ್ತು ಸಲ ತಿರಿಗಿ ಬಂದವನು ಇಪ್ಪತ್ತು ಸಲ ದೇವರ ಕಡೆಗೆ ತಿರುಗಿದ್ದಾನೆ.

ಇಲ್ಲಿ ನಮ್ಮ ಸೀಮೆಗೇ ಸೇರಿದ ಒಂದು ಮಾತನ್ನು ಹೇಳದೆ ಬಿಡಲಾರೆವು. ನಮ್ಮಲ್ಲಿ ಅನೇಕರು ಮನೆಯಲ್ಲಿ ತುಳುವನ್ನು ಆಡುತ್ತಾರೆ, ಸಭೆಯಲ್ಲಿ ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ. ಏಕಾಂತದಲ್ಲಿಯೂ ಪಾದ್ರಿಗಳ ಹಾಗೆ ಪುಸ್ತಕದ ಕನ್ನಡದಲ್ಲಿಯೇ ಮಾತಾಡಬೇಕೆಂದು ಹಟಹಿಡಿಯುವಾಗ, ನಾಲಿಗೆಯು ಒಂದು ಭಾಷೆಯಲ್ಲಿಯೂ ಹೃದಯವು ಇನ್ನೊಂದು ಭಾಷೆಯಲ್ಲಿಯೂ ನಡೆದು, ಎರಡರ ನಡುವಣ ಸಂದಿಯಿಂದ ಯೋಚನೆಗಳು ಹೊರಗೆ ಜಾರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಇದನ್ನು ಬಲ್ಲವರಾಗಿದ್ದರು. ಆದದರಿಂದಲೇ ಗ್ರೈನರ್, ಅಮ್ಮನ್ ಎಂಬ ಬೋಧಕರ ಭಾಷಾಂತರದಿಂದ 1847ರಲ್ಲಿ ತುಳು ಹೊಸ ಒಡಂಬಡಿಕೆಯು ಅಚ್ಚಾಯಿತು. ತಾಯಿಯ ಸಂಗಡ ಆಡುವ ಭಾಷೆಯಲ್ಲಿ ತಂದೆಯಾದ ದೇವರ ಸಂಗಡ ಆಡುವದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗೆಯೇ, ಸುಮ್ಮನೆ ಕೂತರೆ ಮನಸ್ಸು ಓಡುವದು, ಬೀಡಿ ಸುತ್ತುವಾಗ ಕೈಗಳು ತಾವಾಗಿಯೇ ನಡೆದು ಮನಸ್ಸು ನಿಲ್ಲುವದು ಎಂದು ಹೇಳುವ ಸಹೋದರಿಯರು ಆ ಹೊತ್ತಿನಲ್ಲಿಯೇ ಪ್ರಾರ್ಥಿಸಲಿ. (ಬೀಡಿಯ ಕೆಲಸದ ಒಳ್ಳೇದು ಕೆಟ್ಟದ್ದರ ಚರ್ಚೆಯು ಬೇರೊಂದು ಸಂಚಿಕೆಗೆ ಇರಲಿ.)

ಲೂಥರನು ವಿಟ್ಟೆನ್‌ಬೆರ್ಗಿನಲ್ಲಿ ತನ್ನ ಕ್ಷೌರಿಕನಾದ ಪೇತರನೆಂಬವನಿಗೆ ಪ್ರಾರ್ಥಿಸುವ ಕ್ರಮವನ್ನು ಕಲಿಸುವದಕ್ಕಾಗಿ 1535ರಲ್ಲಿ ಒಂದು ಚಿಕ್ಕ ಪುಸ್ತಕವನ್ನೇ ಬರೆದನು. ಒಳ್ಳೇ ಕ್ಷೌರಿಕನು ಕತ್ತಿಯ ಮೇಲೆಯೇ ದೃಷ್ಟಿಯಿಡುತ್ತಾನೆ, ಹರಟುತ್ತಾ ಅತ್ತಿತ್ತ ನೋಡಿದರೆ ಮೂಗನ್ನೋ ಗಂಟಲನ್ನೋ ಕೊಯ್ದಾನು, ಪ್ರಾರ್ಥನೆಯೂ ಹಾಗೆಯೇ ಎಂಬುದು ಅದರಲ್ಲಿರುವ ಒಂದು ದೃಷ್ಟಾಂತ. ಪ್ರಾರ್ಥಿಸುವಾಗ ದೇವರಾತ್ಮನಿಂದ ಒಂದು ಒಳ್ಳೇ ಯೋಚನೆ ಬಂದರೆ ಉಳಿದ ಬಿನ್ನಹಗಳನ್ನು ಅಲ್ಲಿಯೇ ಬಿಟ್ಟು ಸುಮ್ಮನಾಗಿ ಅದನ್ನು ಕೇಳಬೇಕೆಂದೂ ಅವನು ಬುದ್ಧಿ ಹೇಳಿದನು. ಆದರೆ ಆ ಪೇತರನ ಗತಿ ಏನಾಯಿತೆಂದು ಬಲ್ಲಿರೋ? ಅದೇ ವರ್ಷದ ಈಸ್ಟರ್ ಹಬ್ಬದ ಮುನ್ನಾ ದಿನ, ಕುಡಿದ ಅಮಲಿನಲ್ಲಿ, ಮನೆಯವರೆಲ್ಲಾ ಊಟಕ್ಕೆ ಕೂತಿದ್ದಾಗ ಅವನು ಸ್ವಂತ ಅಳಿಯನನ್ನು ತಿವಿದು ಕೊಂದನು. ಲೂಥರನು ಅವನಿಗಾಗಿ ಬೇಡಿಕೊಂಡದ್ದರಿಂದ ಪ್ರಾಣ ಉಳಿಯಿತು. ಆದರೂ ಊರು ಬಿಟ್ಟು ಹೋಗಬೇಕಾಯಿತು. ಪ್ರಾರ್ಥನೆಯ ಕ್ರಮವನ್ನು ಅಷ್ಟು ದೊಡ್ಡ ಗುರುವಿನಿಂದ ಕಲಿತವನಿಗೂ ಕ್ರಮವೊಂದೇ ಸಾಕಾಗಲಿಲ್ಲ. ಆದದರಿಂದ ಮನಸ್ಸನ್ನು ನಿಲ್ಲಿಸುವ ಉಪಾಯಗಳ ಮಾತನ್ನು ಇಲ್ಲಿಗೆ ಬಿಟ್ಟು, ಆ ಮನಸ್ಸಿನೊಳಗೆ ಏನಿದೆ ಎಂಬುದನ್ನು ವಿಚಾರಿಸೋಣ.

ಐಗುಪ್ತದ ಅರಣ್ಯದಲ್ಲಿದ್ದ ಮೋಶೆಯೆಂಬ ಹಿರಿಯನೊಬ್ಬನು ಇದಕ್ಕೆ ಕೊಟ್ಟ ಹೋಲಿಕೆಯನ್ನು ಕಾಸ್ಸಿಯಾನನು ಸುಮಾರು 1,600 ವರ್ಷಗಳ ಕೆಳಗೆ ಬರೆದಿಟ್ಟಿದ್ದಾನೆ. (ಸನ್ಯಾಸಿಗಳ ಮಾತು ನಮಗೇಕೆ ಎನ್ನಬೇಡಿರಿ; ಒಳ್ಳೇ ಬೀಜವು ಯಾರ ಗದ್ದೆಯದಾದರೂ ಬೀಜವೇ.) ಹೊಳೆಯ ನೀರಿನಿಂದ ತಿರುಗುವ ಬೀಸುವ ಕಲ್ಲನ್ನು, ನೀರು ಹರಿಯುವ ತನಕ ಯಾರೂ ನಿಲ್ಲಿಸಲಾರರು, ಆದರೆ ಅದರೊಳಗೆ ಗೋಧಿಯನ್ನು ಹಾಕಬೇಕೋ ಕಳೆಯ ಬೀಜವನ್ನು ಹಾಕಬೇಕೋ ಎಂಬುದು ಯಜಮಾನನ ಕೈಯಲ್ಲಿದೆ. ಮನಸ್ಸು ಆ ಕಲ್ಲಿನ ಹಾಗೆ ಎಂದು ಅವನು ಹೇಳಿದನು.

ನಮ್ಮ ನೆರೆಯವರಾದ ಜೈನರು ಇದೇ ಸಂಗತಿಯನ್ನು ಬೇರೊಂದು ರೀತಿಯಲ್ಲಿ ಕಂಡಿದ್ದಾರೆ. ಮೂಡಬಿದ್ರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರಕಂಬದ ಬಸದಿಯನ್ನು ನಮ್ಮವರಲ್ಲಿ ನೋಡದವರು ಕಡಿಮೆ. ಅಲ್ಲಿಯವರ ಶಾಸ್ತ್ರದಲ್ಲಿ ಸಂಸಾರಿಗಳು ಸಾಮಾಯಿಕವೆಂಬ ನೇಮದಿಂದ ಕೂತುಕೊಳ್ಳುವ ಅವಧಿಯು ಒಂದು ಮುಹೂರ್ತ, ಅಂದರೆ 48 ನಿಮಿಷ. ಎಷ್ಟು ದೃಢಶರೀರದವನಾದರೂ ಮನಸ್ಸನ್ನು ಒಂದೇ ವಿಷಯದಲ್ಲಿ ಆ ಮುಹೂರ್ತದಷ್ಟು ಪೂರಾ ನಿಲ್ಲಿಸಲಾರನೆಂದು ಅವರ ಶಾಸ್ತ್ರವೇ ಒಪ್ಪುತ್ತದೆ. ಅದಕ್ಕಿಂತಲೂ ಗಮನಿಸತಕ್ಕದ್ದೇನಂದರೆ, ಅವರು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ಎಣಿಸುವಲ್ಲಿ ಮೊದಲನೆಯ ಎರಡು ಕೆಟ್ಟವುಗಳೇ. ಕಳಕೊಂಡದ್ದಕ್ಕಾಗಿ ಕೊರಗುವದು ಆರ್ತಧ್ಯಾನ. ಇನ್ನೊಬ್ಬನಿಗೆ ಕೇಡನ್ನು ನೆನಸುವದು ರೌದ್ರಧ್ಯಾನ. ತನಗೆ ಧ್ಯಾನವೇ ಬರುವದಿಲ್ಲವೆನ್ನುವವನು ತನ್ನ ದಾಯಾದಿಯ ಮೇಲಣ ಸಿಟ್ಟನ್ನು ರಾತ್ರಿಯೆಲ್ಲಾ ಕಣ್ಣುಮುಚ್ಚದೆ, ಒಂದು ಕ್ಷಣವೂ ಮರೆಯದೆ, ಎಷ್ಟು ಏಕಾಗ್ರವಾಗಿ ಧ್ಯಾನಿಸುತ್ತಾನೆ! ಅವರ ಮತವು ನಮ್ಮದಲ್ಲ. ಲೋಕವನ್ನು ಉಂಟುಮಾಡಿದ ದೇವರನ್ನು ಅವರು ಒಪ್ಪುವದಿಲ್ಲ. ಆದರೂ ಪೌಲನು ಅಥೇನೆಯಲ್ಲಿ ಆ ಊರಿನ ಕವಿಗಳ ಮಾತನ್ನು ತೆಗೆದುಕೊಂಡ ಹಾಗೆ, ನೆರೆಯವನು ಕಂಡ ಸತ್ಯವನ್ನು ನಾವೂ ತೆಗೆದುಕೊಳ್ಳಬಹುದು.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಅಜಿಲ ಅರಸನು ನಿಲ್ಲಿಸಿದ ಗೊಮ್ಮಟನ ಏಕಶಿಲೆಯುಂಟು. ಎತ್ತರವು 35 ಅಡಿಗೆ ಕಡಿಮೆಯಿಲ್ಲ. 2024ರಲ್ಲಿ ಅದರ ಮಸ್ತಕಾಭಿಷೇಕವು ನಡೆದಾಗ ಜಾತಿಮತಗಳ ಭೇದವಿಲ್ಲದೆ ಜನರು ಹೋಗಿ ನೋಡಿ ಬಂದರು. ನೋಡಿದವರು ಕಾಲಿಗೂ ತೋಳಿಗೂ ಹಬ್ಬಿರುವ ಬಳ್ಳಿಯನ್ನು ಗಮನಿಸಿರಬಹುದು. ಅದರ ಕಥೆ ಇಷ್ಟು: ಬಾಹುಬಲಿಯು ರಾಜ್ಯಕ್ಕಾಗಿ ಅಣ್ಣನಾದ ಭರತನ ಸಂಗಡ ಹೋರಾಡಿ, ಗೆದ್ದು, ಗೆದ್ದ ಕ್ಷಣದಲ್ಲಿಯೇ ಎಲ್ಲವನ್ನೂ ಬಿಟ್ಟು ಒಂದು ವರ್ಷ ಅಲುಗದೆ ಧ್ಯಾನದಲ್ಲಿ ನಿಂತನು. ಪಾದದ ಬಳಿ ಹುತ್ತ ಬೆಳೆಯಿತು, ಮೈಮೇಲೆ ಬಳ್ಳಿ ಹಬ್ಬಿತು. ಆದರೂ ಅವನು ಬಯಸಿದ ಜ್ಞಾನವು ದೊರೆಯಲಿಲ್ಲ, ಯಾಕಂದರೆ ಒಳಗೆ ಒಂದು ಯೋಚನೆ ಉಳಿದಿತ್ತು. ತಾನು ಕಾಲೂರಿರುವ ನೆಲವು ಭರತನದಲ್ಲವೇ ಎಂಬುದೇ ಆ ಯೋಚನೆಯೆಂದು ಕೆಲವರು, ತನ್ನಿಂದ ಅಣ್ಣನಿಗೆ ನೋವಾಯಿತಲ್ಲಾ ಎಂಬುದೆಂದು ಬೇರೆ ಕೆಲವರು ಹೇಳುತ್ತಾರೆ. ಯಾವದಾದರೂ ಆಗಲಿ, ಅದು ಅಣ್ಣನ ವಿಷಯವಾದದ್ದು. ಭರತನು ತಾನೇ ಬಂದು ಅವನ ಮುಂದೆ ತಲೆಬಾಗಿದ ಮೇಲೆಯೇ ಆ ಮುಳ್ಳು ಕಿತ್ತುಹೋಯಿತೆಂದು ಕಥೆಯು ಮುಗಿಯುತ್ತದೆ.

ದೇಹವನ್ನು ಕಲ್ಲಿನಂತೆ ನಿಲ್ಲಿಸಿದರೂ ಅಣ್ಣನ ನೆನಪನ್ನು ನಿಲ್ಲಿಸಲಾಗಲಿಲ್ಲ ಎಂಬ ಈ ಕಥೆಯನ್ನು ಓದುವ ಕ್ರೈಸ್ತನಿಗೆ ಪರ್ವತಪ್ರಸಂಗದ ಒಂದು ಮಾತು ನೆನಪಿಗೆ ಬರದೆ ಇರದು. ಮತ್ತಾಯನ 5ನೇ ಅಧ್ಯಾಯದ 23, 24ನೇ ವಚನಗಳಲ್ಲಿ ನಮ್ಮ ಕರ್ತನು, ಕಾಣಿಕೆಯನ್ನು ತಂದು ಯಜ್ಞವೇದಿಯ ಬಳಿಯಲ್ಲಿ ನಿಂತಿರುವಾಗ ಸಹೋದರನಿಗೆ ತನ್ನ ಮೇಲೆ ಏನೋ ಮನಸ್ತಾಪವಿದೆಯೆಂದು ನೆನಪಾದವನ ವಿಷಯ ಹೇಳುತ್ತಾನೆ. ಆ ನೆನಪನ್ನು ಒತ್ತಿ ಇಡಬೇಕೆಂದಾಗಲಿ, ಮನಸ್ಸನ್ನು ಕಾಣಿಕೆಯ ಮೇಲೆಯೇ ನಿಲ್ಲಿಸಬೇಕೆಂದಾಗಲಿ ಆತನು ಹೇಳಲಿಲ್ಲ. ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೊರಟುಹೋಗಿ, ಮೊದಲು ಸಮಾಧಾನವಾಗಿ, ಆ ಮೇಲೆ ಬರಬೇಕೆಂದನು. ಕೇಳುತ್ತಿದ್ದವರು ಗಲಿಲಾಯದವರು, ಯಜ್ಞವೇದಿಯು ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ಕಾಲ್ನಡೆಯಲ್ಲಿ ಮೂರು ದಿವಸದ ದಾರಿ! ಅಷ್ಟು ದೂರ ನಡೆದು ತಂದ ಕಾಣಿಕೆಯನ್ನು ಬಿಟ್ಟು, ತಿರಿಗಿ ಅಷ್ಟು ದೂರ ನಡೆದು, ಅಣ್ಣನ ಬಾಗಲಲ್ಲಿ ನಿಲ್ಲಬೇಕು. ನಮ್ಮಲ್ಲಿ ಎಷ್ಟೋ ಮಂದಿಗೆ ಅಣ್ಣನ ಮನೆಯು ತೋಡಿನ ಆಚೆಯ ದಡದಲ್ಲಿಯೇ ಇದೆ.

ಪ್ರಾರ್ಥನೆಯ ಹೊತ್ತಿನಲ್ಲಿ ಬರುವ ಎಲ್ಲಾ ನೆನಪುಗಳೂ ಶತ್ರುಗಳಲ್ಲ ಎಂಬುದು ಈ ವಚನದಿಂದ ತಿಳಿಯುತ್ತದೆ. ನಾವು ಮೊದಲು ಹೇಳಿದ ಚಿಕ್ಕ ಪಾಲು ಇದೇ. ಹಲ್ಲಿಯ ಮೇಲಣ ಯೋಚನೆಯು ಬಂದು ಹೋಗುತ್ತದೆ, ನಾಳೆ ಬೇರೊಂದು ಬರುತ್ತದೆ. ಆದರೆ ವಾರಗಟ್ಟಲೆ, ವರ್ಷಗಟ್ಟಲೆ ಕಣ್ಣುಮುಚ್ಚಿದಾಗೆಲ್ಲಾ ಒಂದೇ ಮುಖವು ಎದುರಿಗೆ ಬಂದು ನಿಲ್ಲುವದಾದರೆ ಅದನ್ನು ಮನಸ್ಸಿನ ಚಂಚಲವೆಂದು ತಳ್ಳಿಬಿಡುವದು ಕ್ಷೇಮವಲ್ಲ. ಅದು ಬಾಗಲು ತಟ್ಟುವ ದೂತನಾಗಿರಬಹುದು.

ಇಂಥ ಮುಖಗಳಿಗೆ ನಮ್ಮ ಹಳ್ಳಿಗಳಲ್ಲಿ ಕೊರತೆಯಿಲ್ಲ. 1974ನೇ ಮಾರ್ಚಿ 1ರಿಂದ ಗೇಣಿಯ ಭೂಮಿಯೆಲ್ಲಾ ಸರಕಾರಕ್ಕೆ ಸೇರಿ, ದುಡಿಯುವ ಒಕ್ಕಲಿಗೆ ಹಕ್ಕು ದೊರೆಯುವ ಕಾಲ ಬಂದಾಗ ಅನೇಕ ಬಡಕುಟುಂಬಗಳು ತಲೆಯೆತ್ತಿದವು. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಒಂದು ಮನೆಯವರೆಲ್ಲಾ ಕೂಡಿ ದುಡಿದ ಗದ್ದೆಗೆ ಡಿಕ್ಲರೇಶನು ಒಬ್ಬನ ಹೆಸರಿನಲ್ಲಿಯೇ ಆದಲ್ಲಿ, ಆ ಒಬ್ಬನೂ ಅವನ ಮಕ್ಕಳೂ ಕಾಗದವನ್ನು ತೋರಿಸಿ ತಮ್ಮನಿಗೆ ಕುಮ್ಕಿಯ ಮೂಲೆಯನ್ನು ಮಾತ್ರ ಬಿಟ್ಟು, ತಂಗಿಯಿಂದ ಏನೂ ಬೇಡವೆಂದು ರುಜು ಹಾಕಿಸಿಕೊಂಡದ್ದುಂಟು. ಕಾಗದವು ಸರಿ, ಕಾನೂನೂ ಸರಿ, ಮನೆಯ ಗೋಡೆಯಲ್ಲಿ ಸತ್ಯವೇದದ ವಚನವೂ ಇದೆ. ಆದರೆ ಕಣ್ಣುಮುಚ್ಚಿದರೆ ತಂಗಿಯ ಮುಖ. ಬೇಸಗೆಯಲ್ಲಿ ತೋಡಿಗೆ ಕಟ್ಟ ಹಾಕಿ ನೀರು ತಿರುಗಿಸುವಾಗ ಕೆಳಗಿನ ತೋಟದವನ ಸರದಿಯಲ್ಲಿ ಒಂದೊಂದು ಗಂಟೆಯನ್ನು ಕದ್ದವನಿಗೂ ಅದೇ ಗತಿ. ಇಂಥವನು ಪ್ರಾರ್ಥನೆಯಲ್ಲಿ ಏಕಾಗ್ರತೆ ಬರಲಿಲ್ಲವೆಂದು ಬೋಧಕರಲ್ಲಿ ದೂರಿಕೊಂಡರೆ, ಬೋಧಕರು ಅವನಿಗೆ ಇನ್ನೊಂದು ವಚನವನ್ನು ಬಾಯಿಪಾಠಕ್ಕೆ ಕೊಡುವದು ಹುಣ್ಣಿನ ಮೇಲೆ ಹೊಸ ಅಂಗಿ ತೊಡಿಸಿದ ಹಾಗೆ.

ಇಲ್ಲಿ ಒಬ್ಬನು ಎದುರು ಹೇಳಬಹುದು: ಹೀಗಾದರೆ ಸಿಟ್ಟುಳ್ಳ ಮನುಷ್ಯನು ತನ್ನ ಸಿಟ್ಟನ್ನೇ ದೇವರ ಕರೆಯೆಂದು ತಿಳಿದು, ಪ್ರಾರ್ಥನೆಯಿಂದೆದ್ದು ನೇರವಾಗಿ ಜಗಳಕ್ಕೆ ಹೋಗನೋ? ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ಉತ್ತರವು ಸುವಾರ್ತೆಯಲ್ಲಿಯೇ ಇದೆ. ಮತ್ತಾಯನು ಬರೆದ ಮಾತಿನಲ್ಲಿ ಮನಸ್ತಾಪವಿರುವದು ಸಹೋದರನಿಗೆ ನನ್ನ ಮೇಲೆ. ಮಾರ್ಕನ 11ನೇ ಅಧ್ಯಾಯದ 25ನೇ ವಚನದಲ್ಲಿ ಮನಸ್ತಾಪವಿರುವದು ನನಗೆ ಇನ್ನೊಬ್ಬನ ಮೇಲೆ. ಅಲ್ಲಿ ಕರ್ತನು ಎದ್ದು ಹೋಗುವದಕ್ಕೆ ಹೇಳುವದಿಲ್ಲ, ಪ್ರಾರ್ಥಿಸುತ್ತಾ ನಿಂತಿರುವಲ್ಲಿಯೇ ಕ್ಷಮಿಸಬೇಕೆನ್ನುತ್ತಾನೆ. ಈ ಎರಡನ್ನು ಕಲಸಬಾರದು. ಅವನು ನನಗೆ ಮಾಡಿದ ಅನ್ಯಾಯವು ನೆನಪಿಗೆ ಬಂದರೆ ಕೂತಲ್ಲಿಯೇ ಇರಬೇಕು. ನಾನು ಅವನಿಗೆ ಮಾಡಿದ್ದು ನೆನಪಿಗೆ ಬಂದರೆ ಏಳಬೇಕು. ನಮ್ಮ ಸ್ವಭಾವವೋ ಇದಕ್ಕೆ ಪೂರಾ ತಲೆಕೆಳಗು; ನಮಗಾದ ಅನ್ಯಾಯಕ್ಕೆ ಹಾರಿ ಏಳುತ್ತೇವೆ, ನಾವು ಮಾಡಿದ್ದಕ್ಕೆ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತೇವೆ. ಕ್ಷಮಿಸುವದೆಂದರೆ ನ್ಯಾಯವಾದ ಪಾಲನ್ನು ಕೇಳಬಾರದೆಂದಲ್ಲ. ರುಜು ಹಾಕಿಕೊಟ್ಟ ಆ ತಂಗಿಯು ತನ್ನ ಹಕ್ಕನ್ನು ಹಿರಿಯರ ಮುಂದೆ ಕೇಳಲಿ. ಪ್ರಾರ್ಥನೆಯ ಹೊತ್ತನ್ನು ಆ ಲೆಕ್ಕಕ್ಕೆ ಕೊಡದಿರಲಿ.

ಹೋದರೂ ಬಾಗಲು ತೆರೆಯದಿದ್ದರೆ? ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಪೌಲನು ಎಲ್ಲರ ಸಂಗಡ ಸಮಾಧಾನವಾಗಿರುವದನ್ನು ನಮ್ಮಿಂದಾಗುವಷ್ಟರ ಮಟ್ಟಿಗೆ ಎಂದು ಅಳತೆಮಾಡಿಯೇ ಹೇಳಿದ್ದಾನೆ. ಕೊಡಬೇಕಾದ್ದನ್ನು ಕೊಟ್ಟು, ಹೇಳಬೇಕಾದ್ದನ್ನು ಹೇಳಿ ಬಂದವನು ಇನ್ನೊಬ್ಬನ ಹಟಕ್ಕೆ ಉತ್ತರವಾದಿಯಲ್ಲ. ನೆನಪು ಆ ಮೇಲೆಯೂ ಬರಬಹುದು. ಆಗ ಅದನ್ನು ಆ ಸಹೋದರನಿಗಾಗಿ ಮಾಡುವ ಬಿನ್ನಹವಾಗಿ ತಿರುಗಿಸಬಹುದು.

ಇದಕ್ಕಿಂತ ಕಠಿಣವಾದದ್ದು, ಅನ್ಯಾಯಕ್ಕೆ ಒಳಗಾದವನು ಸತ್ತುಹೋಗಿದ್ದರೆ ಎಂಬುದು. ತಂಗಿಯು ತೀರಿಕೊಂಡು ಹತ್ತು ವರ್ಷವಾಯಿತು, ಈಗ ಯಾರ ಬಾಗಲಿಗೆ ಹೋಗಲಿ ಎಂದು ಕೇಳುವ ಮುದುಕನಿಗೆ, ಆದದ್ದು ಆಯಿತು, ದೇವರು ಕ್ಷಮಿಸುವನು ಎಂದು ಹೇಳಿ ಕಳುಹಿಸುವದು ಸುಲಭ. ಅರಣ್ಯಕಾಂಡದ 5ನೇ ಅಧ್ಯಾಯದ ಕ್ರಮವು ಅಷ್ಟು ಸುಲಭವಾದದ್ದಲ್ಲ. ತಪ್ಪುಮಾಡಿದವನು ಅದನ್ನು ಬಾಯಿಂದ ಅರಿಕೆಮಾಡಿ, ತೆಗೆದುಕೊಂಡದ್ದಕ್ಕೆ ಐದನೆಯ ಒಂದು ಪಾಲನ್ನು ಕೂಡಿಸಿ ಕೊಡಬೇಕು; ತೆಗೆದುಕೊಳ್ಳುವದಕ್ಕೆ ಹತ್ತಿರದ ಬಂಧುವೇ ಇಲ್ಲದಿದ್ದರೆ ಅದು ಯೆಹೋವನದಾಗಿ ಯಾಜಕನಿಗೆ ಸೇರಬೇಕು. ಸಾಲ ಕೊಟ್ಟವನು ಸತ್ತರೆ ಸಾಲವು ಸಾಯುವದಿಲ್ಲವೆಂಬುದು ನಮ್ಮ ಸೊಸೈಟಿಗಳಿಗೂ ಗೊತ್ತಿರುವ ನ್ಯಾಯ. ಆ ತಂಗಿಗೆ ಮಕ್ಕಳಿದ್ದಾರೆ. ಕ್ರಿಸ್ತನ ರಕ್ತದಿಂದ ದೊರೆಯುವ ಕ್ಷಮೆಯನ್ನು ನಾವು ಇದರಿಂದ ಕೊಂಡುಕೊಳ್ಳುತ್ತೇವೆಂದು ಯಾರೂ ತಿಳಿಯಬಾರದು. ಕ್ಷಮೆಯನ್ನು ಹೊಂದಿದವನ ಕೈಯಲ್ಲಿ ಕದ್ದ ಗದ್ದೆಯು ಉಳಿದಿರಬಾರದೆಂಬುದಷ್ಟೆ ನಮ್ಮ ಮಾತು.

ಇನ್ನೊಂದು ಸಂಗತಿಯನ್ನು ಮನೆಯವರಿಗಾಗಿ ಹೇಳಬೇಕು. ಸಂಜೆಯ ಕುಟುಂಬಪ್ರಾರ್ಥನೆಯಲ್ಲಿ ಯಜಮಾನನು ನಡುವೆಯೇ ಎದ್ದು, ಟಾರ್ಚು ಹಿಡಿದು, ಅಂಗಳ ದಾಟಿ ಹೊರಟುಹೋದರೆ ಹೆಂಡತಿಮಕ್ಕಳು ಅವನನ್ನು ತಡೆಯದಿರಲಿ, ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟನೆಂದು ನಗದಿರಲಿ. ಕರ್ತನು ಕಾಣಿಕೆಯನ್ನು ಮನೆಗೆ ತಿರಿಗಿ ಒಯ್ಯಬೇಕೆಂದು ಹೇಳಲಿಲ್ಲ, ವೇದಿಯ ಮುಂದೆಯೇ ಬಿಟ್ಟು ಹೋಗಬೇಕೆಂದು ಹೇಳಿದನು. ಮನೆಯವರು ದೀಪವನ್ನು ಆರಿಸದೆ, ಪುಸ್ತಕವನ್ನು ತೆರೆದಿದ್ದ ಪುಟದಲ್ಲಿಯೇ ಇಟ್ಟು, ಅವನು ತೋಡು ದಾಟಿ ಬರುವ ತನಕ ಕಾದಿರಲಿ.